ಇಳಿದದ್ದು ಇನ್ನೊಂದು ಬಂದರಿನಲ್ಲಿ

ಹಿಂದೂಪುರದ ನಮಗೆ ಸಮುದ್ರವು ದೂರದ ನೆಂಟ. ನಂದಿ ಬೆಟ್ಟಗಳ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರನ್ನು ದಾಟಿ, ಪರಿಗಿಯ ಬಳಿ ಹಾದುಹೋಗುವ ಉತ್ತರ ಪಿನಾಕಿನಿಯು ನೆಲ್ಲೂರಿನಾಚೆ ಕಡಲನ್ನು ಕೂಡುತ್ತದೆಂಬುದು ನಿಜ. ಆದರೆ ನಾವು ಬಲ್ಲ ಪಿನಾಕಿನಿ ವರ್ಷದ ಬಹುಕಾಲ ಬರಿಯ ಮರಳು. ಅಂತಹ ನಾಡಿನಿಂದ ಹೊರಟು, ಕೆಲವು ಚಳಿಗಾಲಗಳ ಹಿಂದೆ ನಾವು ಹಡಗನ್ನೇರಿದೆವು. ಅದು ಹತ್ತಿದ ಬಂದರಿಗೇ ಮರಳಿ ತಂದು ಬಿಡುವ ಹಡಗಲ್ಲ. ಮುಂಬಯಿಯಲ್ಲಿ ಹತ್ತಿಸಿಕೊಂಡು ಗೋವೆಯ ಮರ್ಮಗೋವಾದಲ್ಲಿ ಇಳಿಸಿಬಿಡುವ ಹಡಗು.

ಈ ಮಾತು ಕೇಳಿದೊಡನೆ ನಮ್ಮ ತಾಯಿಯವರು, “ಕರಕೊಂಡು ಹೋಗಿ ಅಲ್ಲೇ ಬಿಟ್ಟುಬಿಟ್ಟರೆ ಮನೆಗೆ ಬರೋದು ಹೆಂಗಪ್ಪಾ?” ಎಂದರು. ಎಂಬತ್ತರ ಸಮೀಪದಲ್ಲಿದ್ದ ಅವರ ಪ್ರಶ್ನೆಗೆ ನಾವು ನಕ್ಕೆವು. ನಗಬಾರದಿತ್ತೆಂಬುದು ಆಮೇಲೆ ತಿಳಿಯಿತು.

ಇಂತಹ ಯಾನ ಹೊಸತೇನೂ ಅಲ್ಲ. ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ಣವಾಗಿ ತೆರೆಯುವುದಕ್ಕೆ ಎಷ್ಟೋ ಮೊದಲೇ ಮುಂಬಯಿ–ಪಣಜಿಗಳ ನಡುವೆ ಸ್ಟೀಮರುಗಳು ಸಂಚರಿಸುತ್ತಿದ್ದವು. ಅಂದಿನವರು ಹಡಗನ್ನೇರುತ್ತಿದ್ದುದು ವಿಹಾರಕ್ಕಲ್ಲ, ಊರು ಸೇರಲು. 2018ರ ಅಕ್ಟೋಬರಿನಲ್ಲಿ ‘ಆಂಗ್ರಿಯಾ’ ಎಂಬ ಹಡಗು ಇದೇ ದಾರಿಯನ್ನು ಪ್ರವಾಸಿಗಳಿಗಾಗಿ ಹಿಡಿಯಿತು; ಈಗ ಅದು ಓಡುತ್ತಿಲ್ಲ. 1990ರಲ್ಲಿ ಫ್ರಾನ್ಸಿನಲ್ಲಿ ಸಿದ್ಧವಾದ ‘ಎಂಪ್ರೆಸ್’ ಹಡಗು 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಯಾನ ಆರಂಭಿಸಿತು. ಹೊರದೇಶಗಳಲ್ಲಿ ಇದಕ್ಕೆ ಋತುಮಾನವೂ ಕಾರಣ. ಚಳಿಗಾಲವನ್ನು ಕೆರಿಬಿಯನ್ ಕಡಲಲ್ಲಿ ಕಳೆದ ಹಡಗುಗಳು ವಸಂತದಲ್ಲಿ ಅಟ್ಲಾಂಟಿಕ್ ದಾಟಿ ಯೂರೋಪಿಗೆ ಸಾಗುತ್ತವೆ; ಶರತ್ಕಾಲದಲ್ಲಿ ಮರಳುತ್ತವೆ. ಕಲ್ಯಾಣದುರ್ಗದ ಕಡೆಯ ಕುರಿಗಾಹಿಗಳು ಮೇವನ್ನರಸಿ ಮಂದೆ ಹೊಡೆದುಕೊಂಡು ಹೋಗುವಂತೆಯೇ ಇದು. ಹೇಗೂ ಹೋಗಲೇಬೇಕಾದ ಹಡಗು ಖಾಲಿ ಹೋಗುವುದೇಕೆಂದು ಒಂದೇ ದಿಕ್ಕಿನ ಟಿಕೆಟುಗಳನ್ನು ಮಾರುತ್ತಾರೆ.

ಉದ್ಯಾನ್ ಎಕ್ಸ್‌ಪ್ರೆಸ್ ನಮ್ಮೂರಿನಲ್ಲಿಯೇ ನಿಲ್ಲುವುದರಿಂದ ಮುಂಬಯಿಯವರೆಗೆ ಚಿಂತೆಯಿರಲಿಲ್ಲ. ಸಂಜೆ ಹಡಗು ದಡ ಬಿಟ್ಟಿತು. ನಗರದ ದೀಪಗಳು ಒಂದೊಂದಾಗಿ ಮಸುಕಾದವು. ಕಟಾಂಜನ ಹಿಡಿದು ನಿಂತಿದ್ದ ತಾಯಿಯವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಕಲ್ಯಾಣದುರ್ಗದಿಂದ ಮದುವೆ ಬಸ್ಸಿನಲ್ಲಿ ಬಂದಾಗಲೂ ಹಿಂಗೇ ಹಿಂದಕ್ಕೆ ತಿರುಗಿ ನೋಡುತ್ತಾ ಬಂದೆ” ಎಂದರು. ಅವರು ತವರಿನ ಮಾತು ಎತ್ತಿದ್ದನ್ನು ನಾವು ಕೇಳಿದ್ದೇ ಅಪರೂಪ.

ಮರುದಿನ ಮರ್ಮಗೋವಾದಲ್ಲಿ ಇಳಿದಾಗ ನಮ್ಮ ತಪ್ಪು ಎದುರಾಯಿತು. ಹಡಗಿನ ಟಿಕೆಟು ಕೊಳ್ಳುವ ಉತ್ಸಾಹದಲ್ಲಿ ಮರಳುವ ರೈಲಿನ ಟಿಕೆಟನ್ನು ತಡವಾಗಿ ಕೊಂಡಿದ್ದೆವು. ಅದು ಕೊನೆಯವರೆಗೂ ವೆಯ್ಟಿಂಗ್ ಲಿಸ್ಟಿನಲ್ಲೇ ಉಳಿಯಿತು. ಹಡಗು ನಮ್ಮನ್ನು ಇಳಿಸಿ ತನ್ನ ಪಾಡಿಗೆ ತಾನಿತ್ತು. ವಾಸ್ಕೋದಲ್ಲಿ ಎರಡು ರಾತ್ರಿ ತಂಗಬೇಕಾಯಿತು. ತಾಯಿಯವರ ರಕ್ತದೊತ್ತಡದ ಮಾತ್ರೆಗಳನ್ನು ದಿನ ಎಣಿಸಿ ತಂದಿದ್ದೆವು, ಅವೂ ಮುಗಿದವು. ಅದೇ ಮಾತ್ರೆಗಾಗಿ ಮೂರು ಅಂಗಡಿ ಅಲೆದಾಗ, “ಮನೆಗೆ ಬರೋದು ಹೆಂಗಪ್ಪಾ?” ಎಂಬ ಮಾತು ಕಿವಿಯಲ್ಲಿತ್ತು. ಅವರು ಮಾತ್ರ ಒಮ್ಮೆಯೂ ಅದನ್ನು ಎತ್ತಿ ಆಡಲಿಲ್ಲ.

ಕೊನೆಗೆ ವಾಸ್ಕೋದಿಂದ ಗುಂತಕಲ್ ಕಡೆ ಹೋಗುವ ರೈಲಿನಲ್ಲಿ ಸ್ಥಳ ಸಿಕ್ಕಿತು. ದೂಧಸಾಗರದ ಬಿಳಿಯ ಧಾರೆ, ಕ್ಯಾಸಲ್‌ರಾಕ್, ಲೋಂಡಾ. ಬಳಿಕ ಧಾರವಾಡ, ಹುಬ್ಬಳ್ಳಿ, ಗದಗ, ಹೊಸಪೇಟೆ. ನಿಲ್ದಾಣದಿಂದ ನಿಲ್ದಾಣಕ್ಕೆ ಕನ್ನಡದ ರಾಗ ಬದಲಾಗುತ್ತಿತ್ತು. ತಾಯಿಯವರು ಪಕ್ಕದ ಹೆಂಗಸರೊಡನೆ ಊರು, ಮಳೆ, ಮಕ್ಕಳು ಎಂದು ಮಾತಿಗಿಳಿದರು. ಬಳ್ಳಾರಿ ದಾಟಿದ ಮೇಲೆ ಅದೇ ಮಾತು ತೆಲುಗಿನಲ್ಲಿ ಮುಂದುವರಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿಯ ಬಹುಭಾಗ ಮೈಸೂರಿಗೂ ನಮ್ಮ ಅನಂತಪುರ ಆಂಧ್ರಕ್ಕೂ ಸಂದವು. ಮನೆಯಿಂದ ಕದಲದೆಯೇ ನಮ್ಮ ಹಿರಿಯರು ಬೇರೊಂದು ಬಂದರಿನಲ್ಲಿ ಇಳಿದಿದ್ದರು! ಕಿಟಕಿಯಾಚೆ ಮಾತ್ರ ಎರಡೂ ಕಡೆ ಅದೇ ಕರಿಮಣ್ಣು, ಅದೇ ಜಾಲಿ.

ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಮನೆ ಸೇರಿದೆವು. ಇಂತಹ ಯಾನಕ್ಕೆ ಹೊರಡುವ ಓದುಗರಿಗೆ ನಮ್ಮದೊಂದು ಬಿನ್ನಹ. ಮರಳುವ ರೈಲಿನಲ್ಲಿ ಸ್ಥಳ ಖಚಿತವಾದ ಮೇಲೆಯೇ ಹಡಗಿನ ಟಿಕೆಟು ಕೊಳ್ಳಿರಿ. ಹಡಗು ತಡವಾದೀತೆಂದು ನಡುವೆ ಒಂದು ದಿನವನ್ನು ಬಿಡುವಾಗಿಡಿರಿ. ಔಷಧಿಯನ್ನು ವಾರಕ್ಕೆ ಹೆಚ್ಚಾಗಿ ಒಯ್ಯಿರಿ. ಇಳಿಯುವ ಬಂದರಿನಿಂದ ಮುಂದೆ ನೀವೇ ಹೊರಬೇಕಾದ್ದರಿಂದ ಗಂಟುಮೂಟೆ ಹಗುರವಿರಲಿ. ಇಷ್ಟು ಮಾಡಿದರೆ ಹೋದ ದಾರಿಯನ್ನೇ ಮತ್ತೆ ನೋಡುವ ಬದಲು ಮರಳುವ ದಾರಿಯೂ ಒಂದು ಪ್ರವಾಸವಾಗುತ್ತದೆ.

ಮೊನ್ನೆ ತಾಯಿಯವರು ಕೇಳಿದರು: “ಆ ಹಡಗು ಗೋವೆಯಿಂದ ಮುಂಬಯಿಗೂ ಹೋಗುತ್ತೇನಪ್ಪಾ?” ಈ ಸಲ ನಾವು ನಗಲಿಲ್ಲ. ಮೊದಲು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿಯಿಂದ ಹಿಂದೂಪುರಕ್ಕೆ ಸ್ಥಳವಿದೆಯೇ ಎಂದು ನೋಡಿದೆವು.