‘ನಂದೇನೈತ್ರಿ, ಎಲ್ಲಾ ದೇವರದು’

ಚರ್ಚಿನಲ್ಲಿ ಹಾಡುವವರ ಹತ್ತಿರ ಒಂದು ಸಿದ್ಧ ಉತ್ತರ ಇರುತ್ತದೆ. ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಯಾರಾದರೂ ಕೈಹಿಡಿದು "ಭಾಳ ಚಲೋ ಹಾಡಿದ್ರಿ" ಅಂದರೆ, ತಲೆ ಸ್ವಲ್ಪ ಬಗ್ಗಿಸಿ "ನಂದೇನೈತ್ರಿ, ಎಲ್ಲಾ ದೇವರದು" ಅನ್ನುವುದು. ನಾನೂ ಇಪ್ಪತ್ತು ವರ್ಷದಿಂದ ಅದನ್ನೇ ಹೇಳಿಕೊಂಡು ಬಂದವನು. ಸತ್ಯ ಹೇಳಬೇಕೆಂದರೆ, ಹಾಗೆ ಅಂದ ಮೇಲೆ ಎದುರಿನವರು "ಛೆ ಛೆ, ಹಂಗ ಅನಬ್ಯಾಡ್ರಿ, ನಿಮ್ಮ ಧ್ವನಿ ಅಂದ್ರ ಧ್ವನಿ" ಎಂದು ಎರಡನೇ ಸಲ ಹೊಗಳಲಿ ಅಂತ ನನ್ನ ಕಿವಿ ಕಾಯುತ್ತಿತ್ತು. ಅವರೇನಾದರೂ "ಹೌದ್ರಿ, ಖರೇ" ಅಂದು ಹೋಗಿಬಿಟ್ಟರೆ ಮನೆ ಮುಟ್ಟುವ ತನಕ ನನಗೆ ಸಮಾಧಾನ ಇರುತ್ತಿರಲಿಲ್ಲ!

ಕಳೆದ ವರ್ಷದ ಶುಭ ಶುಕ್ರವಾರ ನಮ್ಮ ಗಾಯನ ಮಂಡಳಿ ಒಂದು ಹಳೆಯ ಶಿಲುಬೆಯ ಗೀತೆಯನ್ನು ನಾಲ್ಕು ಧ್ವನಿಯಲ್ಲಿ ಹಾಡಿತು. ಹಾಡಿಸಿದವನು ನಾನು. ಮುಗಿದಾಗ ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಬಾಗಿಲಲ್ಲಿ ನನಗೆ ಹೊಗಳಿಕೆಯೋ ಹೊಗಳಿಕೆ. ನನ್ನ ಉತ್ತರ ಅದೇ. ಕೊನೆಗೆ ಬಂದ ಒಬ್ಬ ಅಜ್ಜಿ ಮಾತ್ರ ನನ್ನ ಮುಖವನ್ನೇ ನೋಡಿ ಕೇಳಿದಳು: "ದೇವರದಂತೂ ಹೌದು ತಮ್ಮಾ. ಮಾಸ್ತರದು ಏನೂ ಇಲ್ಲೇನು?"

ನನಗೆ ಕಪಾಳಕ್ಕೆ ಹೊಡೆದಂತಾಯಿತು.

ಮಾಸ್ತರು ಅಂದರೆ ನನ್ನ ಹಿಂದಿನ ಗಾಯನ ಗುರುಗಳು. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್‌ನವರ ಕಾಲದಿಂದ ಬಂದ ಹಾಡುಗಾರಿಕೆಯನ್ನು ನಮ್ಮ ಊರಲ್ಲಿ ಉಳಿಸಿದವರು. ಮೀಸೆ ಮೂಡದ ವಯಸ್ಸಿನಲ್ಲಿ ನನ್ನನ್ನು ಹಿಡಿದು ಕೂರಿಸಿ ಟೋನಿಕ್ ಸೋಲ್ಫಾ ಕಲಿಸಿದವರು. ಆ ದಿನ ನಾವು ಹಾಡಿದ ಗೀತೆಯ ನಾಲ್ಕೂ ಧ್ವನಿ ಅವರೇ ಕೈಯಲ್ಲಿ ಬರೆದ ನೋಟ್‌ಬುಕ್ಕಿನದು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದ ಮೇಲೆ ಅವರು ಹಾಡುವುದು ನಿಂತಿತ್ತು. ಶುಕ್ರವಾರ ಹಿಂದಿನ ಬೆಂಚಿನಲ್ಲಿ, ಮಗನ ಹೆಗಲಿಗೆ ಒರಗಿ ಕೂತಿದ್ದರು. ನಾನು ನೋಡಿದ್ದೆ. ನೋಡಿಯೂ ಹೋಗಿ ಮಾತಾಡಿಸಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಹೊಗಳಿಕೆಯ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುತ್ತಿದ್ದದ್ದು ಅಪೊಸ್ತಲರ ಕೃತ್ಯಗಳು 14ನೇ ಅಧ್ಯಾಯ. ಲುಸ್ತ್ರದಲ್ಲಿ ಹುಟ್ಟುಕುಂಟನೊಬ್ಬ ಎದ್ದು ನಡೆದಾಗ ಜನ ಪೌಲ ಬಾರ್ನಬರನ್ನು ದೇವರುಗಳೇ ಎಂದು ತಿಳಿದು ಬಲಿ ಕೊಡಲು ಹೋರಿ, ಹೂಹಾರ ತರುತ್ತಾರೆ. ಇವರಿಬ್ಬರೂ ಬಟ್ಟೆ ಹರಿದುಕೊಂಡು, ನಾವೂ ನಿಮ್ಮಂಥ ಮನುಷ್ಯರೇ ಎಂದು ತಡೆಯುತ್ತಾರೆ. ಸ್ವಲ್ಪದರಲ್ಲೇ ಅದೇ ಊರಲ್ಲಿ ಪೌಲನಿಗೆ ಕಲ್ಲೇಟು. ಹೊಗಳಿಕೆಯನ್ನು ನಂಬಬಾರದು ಅಂತ ನಾನು ಅದರಿಂದ ಕಲಿತಿದ್ದೆ.

ಆದರೆ ಅದೇ ಪೌಲ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ನೋಡಿ. 20ಕ್ಕೂ ಹೆಚ್ಚು ಹೆಸರು! ತನಗೆ ನೆರವಾದ ಫೊಯಿಬೆ, ತನಗಾಗಿ ಪ್ರಾಣದ ಹಂಗು ತೊರೆದ ಪ್ರಿಸ್ಕ, ಅಕ್ವಿಲ, ಹೀಗೆ ಒಬ್ಬೊಬ್ಬರನ್ನೂ ನೆನೆಯುತ್ತಾನೆ. ಪತ್ರ ಬರೆದುಕೊಂಡ ತೆರ್ತ್ಯನೂ ನಡುವೆ ತನ್ನದೊಂದು ವಂದನೆ ಸೇರಿಸುತ್ತಾನೆ. ಎಲ್ಲವೂ ದೇವರ ಕೃಪೆ ಎಂದು ಪತ್ರವಿಡೀ ಸಾರಿದವನಿಗೆ ಮನುಷ್ಯರ ಹೆಸರು ಹೇಳಲು ಅಡ್ಡಿಯಾಗಲಿಲ್ಲ. ನಾನೋ, ದೇವರ ಹೆಸರನ್ನು ಮುಂದಿಟ್ಟು ಮಾಸ್ತರ ಹೆಸರನ್ನು ನುಂಗಿಬಿಟ್ಟಿದ್ದೆ. ದೇವರಿಗೆ ಕೊಟ್ಟರೆ ನನ್ನ ಪಾಲೇನೂ ಕಮ್ಮಿ ಆಗುವುದಿಲ್ಲ, ಜನ ನನ್ನನ್ನೇ ಹೊಗಳುತ್ತಾರೆ. ಮಾಸ್ತರಿಗೆ ಕೊಟ್ಟರೆ ಕಮ್ಮಿ ಆಗುತ್ತದೆ. ಲೆಕ್ಕ ಅಷ್ಟೇ ಇತ್ತು.

ಶನಿವಾರ ಸಂಜೆ ಅವರ ಮನೆಗೆ ಹೋದೆ. "ಮಾಸ್ತರ, ನಿನ್ನಿ ಮಂದಿ ಅತ್ತಿದ್ದು ನಿಮ್ಮ ಹಾಡಿಗೆ. ನಾ ಯಾರಿಗೂ ಹೇಳಲಿಲ್ಲ, ತಪ್ಪಾತು" ಅಂದೆ. ಅವರು "ನಂದೇನೈತಿ" ಅಂತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ. ತೊದಲುತ್ತಲೇ, ಮುಖ ಅರಳಿಸಿ, "ಹೌದೇನು? ಭಾಳ ಸಂತೋಷ ಆತು ನೋಡು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಎರಡನೇ ಚರಣದಾಗ ಟೆನರ್ ಗಡಬಡ ಆತು" ಅಂತ ಸೇರಿಸಿದರು. ಆಮೇಲೆ ನೋಟ್‌ಬುಕ್ಕಿನ ಮೊದಲ ಪುಟ ತೆಗೆ ಅಂದರು. ಅಲ್ಲಿ ಅವರಿಗೆ ಕಲಿಸಿದವರ ಹೆಸರಿತ್ತು. ಇಷ್ಟು ವರ್ಷ ಆ ಪುಟ ತಿರುವುತ್ತಲೇ ಇದ್ದವನು ಅದು ಯಾರ ಹೆಸರು ಅಂತ ಒಮ್ಮೆಯೂ ಕೇಳಿರಲಿಲ್ಲ. ಅಂದು ಕೇಳಿದೆ. ಅವರು ಹೇಳುತ್ತಾ ಹೋದರು, ರಾತ್ರಿ ಒಂಬತ್ತಾಯಿತು.

ಈಸ್ಟರ್ ದಿನ ಬಾಗಿಲಲ್ಲಿ ಮತ್ತೆ ಒಬ್ಬರು ಕೈಹಿಡಿದರು. "ಸಂತೋಷ ಆತ್ರಿ. ಮಾಸ್ತರು ಕಲಿಸಿದ್ದು, ಅಲ್ಲಿ ಕೂತಾರ ನೋಡ್ರಿ, ಅವರಿಗೂ ಒಂದ್ ಮಾತು ಹೇಳ್ರಿ" ಅಂದೆ. ಅವರು ಆ ಕಡೆ ಹೋದರು. ನನ್ನ ಹತ್ತಿರ ಯಾರೂ ಉಳಿಯಲಿಲ್ಲ. ಒಂದು ಕ್ಷಣ ಚುರುಕ್ ಅಂದದ್ದು ಸುಳ್ಳಲ್ಲ. ಆದರೆ ಹಿಂದಿನ ಬೆಂಚಿನಿಂದ ಮಾಸ್ತರು ನಗುವುದು ಕೇಳಿಸಿತು. ದೇವರಿಗೆ ಸ್ತೋತ್ರ ಅಂತ ಆಗ ಮನಸ್ಸಿನಲ್ಲೇ ಹೇಳಿಕೊಂಡೆ, ಯಾರಿಗೂ ಕೇಳಿಸದ ಹಾಗೆ.