ಶಾಸ್ತ್ರೀಜಿಯವರ ಅಡಿಗಲ್ಲು

ಭೀಮಾತೀರದ ದೇವಣಗಾಂವದಲ್ಲಿ ಬೆಳೆದ ಆ ಬಾಲಕನಿಗೆ ಲಾಲ್ ಬಹಾದ್ದೂರ ಶಾಸ್ತ್ರೀಜಿಯವರ ಹೆಸರು ಪರಿಚಯವಾದುದು ಸೋಮವಾರ ರಾತ್ರಿಯ ಹಸಿವಿನೊಡನೆ. 1965ರ ಧಾನ್ಯಾಭಾವದಲ್ಲಿ, ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಕೇಳುವ ಮೊದಲು ಆ ಪ್ರಧಾನಿಗಳು ತಮ್ಮ ಮನೆಯಲ್ಲಿಯೇ ಅದನ್ನು ಆಚರಿಸಿದ್ದರು. "ಅವರೂ ಉಂಡಿಲ್ಲಪಾ" ಎಂಬ ತಾಯಿಯ ಮಾತೊಂದೇ ಬಾಲಕನಿಗೆ ಸಮಾಧಾನ.

ಅದಕ್ಕೂ ಮುನ್ನ, 1964ರ ಮೇ 22ರಂದು, ಇದೇ ಜಿಲ್ಲೆಯ ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟವರೂ ಅವರೇ. 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ಅವರು ಅಸ್ತಂಗತರಾದರು. ಅಣೆಕಟ್ಟು ಪೂರ್ಣಗೊಂಡುದು 2005ರಲ್ಲಿ.

ನರೆಗೂದಲಿನ ಆ ಬಾಲಕ ಮೊಮ್ಮಗನ ಕೈಹಿಡಿದು ಲಾಲ್ ಬಹಾದ್ದೂರ ಶಾಸ್ತ್ರಿ ಸಾಗರದ ದಂಡೆಯಲ್ಲಿ ನಿಂತಾಗ ಕಣ್ಣು ತುಂಬಿದವು. "ಕಲ್ಲಿಟ್ಟವರು ನೀರು ಕಾಣಲಿಲ್ಲ, ಕಂಡ ನಾವು ಮರೆಯಬಾರದು" ಎಂದರು. ಅಂದು ಸೋಮವಾರ. ರಾತ್ರಿ ಅವರು ಉಣ್ಣಲಿಲ್ಲ.