‘ಸಿದ್ಧನಿದ್ದೇನೆ’ ಎಂಬ ಸಂಜ್ಞೆ

ವಿದ್ಯುದ್ಯಂತ್ರಗಳ ವಿಷಯದಲ್ಲಿ ಕನ್ನಡ ಪಂಡಿತನಿಗೆ ಏನಧಿಕಾರವೆಂದು ವಾಚಕ ಮಹಾಶಯರು ಕೇಳಬಹುದು. ಯಂತ್ರದಲ್ಲಿ ನನಗೆ ಅಧಿಕಾರವಿಲ್ಲ. ಶಬ್ದಾರ್ಥದಲ್ಲಿ ಅಷ್ಟಿಷ್ಟು ಪರಿಶ್ರಮವುಂಟು. ಈ ಬರಹಕ್ಕೆ ಅದೇ ಆಧಾರ.

ನಮ್ಮ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಆರ್ಡುಯಿನೋ ಊನೋ ಎಂಬ ಫಲಕದಿಂದ ಮಳೆಮಾಪಕವೊಂದನ್ನು ರಚಿಸಿದ್ದನು. ಪುಟ್ಟ ಬಟ್ಟಲು ತುಂಬಿ ವಾಲಿದಾಗಲೆಲ್ಲ ಫಲಕದ ಮೈಕ್ರೋಕಂಟ್ರೋಲರು ಒಂದೊಂದಾಗಿ ಎಣಿಸುವುದು. ವಿಜ್ಞಾನ ಪ್ರದರ್ಶನದ ಹಿಂದಿನ ರಾತ್ರಿ ಮಳೆ ಚೆನ್ನಾಗಿಯೇ ಸುರಿಯಿತು. ಬೆಳಿಗ್ಗೆ ತೀರ್ಪುಗಾರರೆದುರು ಫಲಕವನ್ನು ಕಂಪ್ಯೂಟರಿಗೆ ಜೋಡಿಸಿ, ಸೀರಿಯಲ್ ಪೋರ್ಟನ್ನು ತೆರೆದು ನೋಡಿದರೆ ಅಂಕೆ ಸೊನ್ನೆ! ಯಂತ್ರವು ಕೆಲಸ ಮಾಡಿಲ್ಲವೆಂದು ಬರೆದುಕೊಂಡು ಅವರು ಮುಂದೆ ನಡೆದರು. ಹುಡುಗನ ಮುಖವನ್ನು ನಾನು ನೋಡಲಾರದಾದೆನು.

ಯಂತ್ರವು ಎಣಿಸಿಯೇ ಇತ್ತು. ನೋಡಲೆಂದು ಪೋರ್ಟನ್ನು ತೆರೆದ ಕ್ರಿಯೆಯೇ ಎಣಿಕೆಯನ್ನು ಅಳಿಸಿತು.

ಇದರ ಮರ್ಮವನ್ನು ನಮ್ಮ ವಿಜ್ಞಾನೋಪಾಧ್ಯಾಯರು ತಿಳಿಸಿದರು. ಸೀರಿಯಲ್ ಪೋರ್ಟಿನಲ್ಲಿ ಡಿ.ಟಿ.ಆರ್. ಎಂಬ ತಂತಿಯೊಂದುಂಟು, ಒಂಬತ್ತು ಕಡ್ಡಿಗಳ ಹಳೆಯ ಪೋರ್ಟಿನಲ್ಲಿ ಅದು ನಾಲ್ಕನೆಯದು. ‘ಡೇಟಾ ಟರ್ಮಿನಲ್ ರೆಡಿ’, ಅಂದರೆ ‘ನಾನು ಸಿದ್ಧನಿದ್ದೇನೆ’ ಎಂದು ಗಣಕಯಂತ್ರವು ಮೋಡೆಮ್ಮಿಗೆ ತಿಳಿಸುವ ವಿನಯದ ಸಂಜ್ಞೆ. ಇದು ಯೌಗಿಕಾರ್ಥ. ಮೊದಮೊದಲ ಆರ್ಡುಯಿನೋ ಫಲಕಗಳಿಗೆ ಹೊಸ ಪ್ರೋಗ್ರಾಮನ್ನು ತುಂಬುವಾಗ ರೀಸೆಟ್ ಗುಂಡಿಯನ್ನು ಕೈಯಿಂದ ಒತ್ತಬೇಕಾಗಿತ್ತು. ಆ ತೊಡಕನ್ನು ಕಳೆಯಲು 2007ರ ಡಿಯೆಚಿಮಿಲಾ ಫಲಕದಲ್ಲಿ ಈ ಸಂಜ್ಞೆಯನ್ನು 100 ನ್ಯಾನೋಫ್ಯಾರಡ್ ಕೆಪಾಸಿಟರಿನ ಮೂಲಕ ರೀಸೆಟ್ಟಿಗೆ ಜೋಡಿಸಿದರು. ದರ್ಭೆ ಕೊಯ್ಯುವವನೆಂಬ ‘ಕುಶಲ’ ಶಬ್ದವು ನಿಪುಣನೆಂಬ ಅರ್ಥಕ್ಕೆ ಸಂದಂತೆ, ‘ಸಿದ್ಧನಿದ್ದೇನೆ’ ಎಂಬುದು ‘ಮೊದಲಿನಿಂದ ಆರಂಭಿಸು’ ಎಂಬ ಅರ್ಥದಲ್ಲಿ ರೂಢವಾಯಿತು. ಯು.ಎಸ್.ಬಿ. ಕೇಬಲಿನಲ್ಲಿ ಆ ಕಡ್ಡಿ ಕಾಣದು. ಸಂಜ್ಞೆ ಮಾತ್ರ ಉಳಿದಿದೆ.

ಕೆಪಾಸಿಟರಿನ ಪಾತ್ರ ಬಲು ಸೊಗಸಾದುದು. ಪೋರ್ಟು ತೆರೆದಿರುವಷ್ಟು ಹೊತ್ತೂ ಫಲಕದಲ್ಲಿ ಡಿ.ಟಿ.ಆರ್. ಕೆಳಮಟ್ಟದಲ್ಲೇ ನಿಲ್ಲುವುದರಿಂದ, ನೇರವಾಗಿ ಜೋಡಿಸಿದ್ದರೆ ಚಿಪ್ಪು ಎಚ್ಚರಗೊಳ್ಳುತ್ತಲೇ ಇರಲಿಲ್ಲ. ಕೆಪಾಸಿಟರು ಬದಲಾವಣೆಯನ್ನು ಮಾತ್ರ ದಾಟಿಸುತ್ತದೆ. ರೀಸೆಟ್ ಕಾಲು ಕ್ಷಣಕಾಲ ಇಳಿದು, 10 ಕಿಲೋಓಮ್ ರೆಸಿಸ್ಟರಿನ ಬಲದಿಂದ ಮತ್ತೆ ಮೇಲೇರುತ್ತದೆ. ಚಿಪ್ಪು ಹೊಸ ಪ್ರೋಗ್ರಾಮಿಗಾಗಿ ಸ್ವಲ್ಪ ಕಾದು, ಬಾರದಿದ್ದರೆ ಹಳೆಯದನ್ನೇ ಆದಿಯಿಂದ ನಡೆಸುತ್ತದೆ. ಎಣಿಕೆಯೂ ಸೊನ್ನೆಯಿಂದಲೇ.

ಪರಿಹಾರವಿಲ್ಲದಿಲ್ಲ. ರೀಸೆಟ್ಟಿಗೂ ಗ್ರೌಂಡಿಗೂ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರನ್ನಿಟ್ಟರೆ ಆ ಸಂಜ್ಞೆಯ ಆಟ ನಡೆಯದು. ಹೊಸ ಪ್ರೋಗ್ರಾಮು ತುಂಬುವಾಗ ಅದನ್ನು ತೆಗೆಯಬೇಕು. ಹುಡುಗನು ಅದರೊಂದಿಗೆ, ವಿದ್ಯುತ್ತು ಹೋದರೂ ಅಳಿಯದ ಈಪ್ರಾಮ್ ಸ್ಮೃತಿಯಲ್ಲಿ ಗಂಟೆಗೊಮ್ಮೆ ಎಣಿಕೆಯನ್ನು ಬರೆದಿಡುವಂತೆಯೂ ಮಾಡಿದ್ದಾನೆ. ಅಲ್ಲಿನ ಒಂದೊಂದು ಸ್ಥಾನವೂ ಒಂದು ಲಕ್ಷ ಬಾರಿ ಬರೆಯುವುದನ್ನು ತಾಳುವುದಂತೆ. ಒಂದೇ ಸ್ಥಾನದಲ್ಲಿ ಬರೆದರೂ ಹನ್ನೊಂದು ವರ್ಷಗಳ ಮಳೆಗೆ ಸಾಕಾಗುವುದೆಂದು ಅವನೇ ಲೆಕ್ಕ ಹಾಕಿ ನನಗೆ ತೋರಿಸಿದನು.